ಗೋಂದಿನ ಸರ್ ಹೇಳದೆ ಬಿಟ್ಟ ಅರ್ಧ

ಅವರ ಹೆಸರು ಹೇಳುವುದಿಲ್ಲ. ಮರೆತಿದ್ದೇನೆಂದಲ್ಲ. ಹೆಸರು ಹೇಳಿದರೆ ಅಡ್ಡಹೆಸರು ಕೇಳುತ್ತೀರಿ, ಅಡ್ಡಹೆಸರು ಹೇಳಿದರೆ ಓಣಿ ಕೇಳುತ್ತೀರಿ, ಕೊನೆಗೆ ‘ಹಂಗಾರ ಅವರು ಇಂಥವರ ಪೈಕಿ’ ಎಂದು ಗೆರೆ ಎಳೆದು ಸಮಾಧಾನ ಮಾಡಿಕೊಳ್ಳುತ್ತೀರಿ. ನಮ್ಮ ಕಡೆ ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ. ಹೋದ ತಿಂಗಳು ಅವರು ಯಲವಿಗಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಹೂಳಿದರೋ ಸುಟ್ಟರೋ ಎಂಬುದನ್ನೂ ಹೇಳುವುದಿಲ್ಲ. ಅದರಿಂದಲೂ ಲೆಕ್ಕ ಹಾಕುವ ಜಾಣರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಅವರನ್ನೇ ನೇರವಾಗಿ ಕೇಳಿದವರೂ ಇದ್ದರು. ಸವಣೂರಿನ ನಮ್ಮ ಪಿಯು ಕಾಲೇಜಿಗೆ ಜೀವಶಾಸ್ತ್ರದ ಉಪನ್ಯಾಸಕರಾಗಿ ಬಂದ ಹೊಸದರಲ್ಲಿ ಅವರು ಬಾಡಿಗೆ ಮನೆ ಹುಡುಕಿದ್ದರಂತೆ. ಮನೆಯ ಮಾಲೀಕರೊಬ್ಬರು ಚಹಾ ಕೊಟ್ಟು, ನೀವು ಯಾರ ಪೈಕಿ ಎಂದು ಕೇಳಿದರಂತೆ. ಸರ್ “ಯಲವಿಗಿ ಪೈಕಿರಿ” ಅಂದರಂತೆ. ಮಾಲೀಕರು ಬಹಳ ಹೊತ್ತು ಯೋಚನೆ ಮಾಡಿ, ಅಂಥದೊಂದು ಪೈಕಿ ತಮ್ಮ ಪಟ್ಟಿಯಲ್ಲಿ ಸಿಗದೆ ಮನೆ ಕೊಡಲಿಲ್ಲ. ಹಾಗಾಗಿ ಸರ್ ನಿವೃತ್ತಿಯವರೆಗೂ ಯಲವಿಗಿಯಿಂದಲೇ ದಿನಾ ಬಸ್ಸಿನಲ್ಲಿ ಬಂದು ಹೋದರು. ಕೇಳಿದವರಿಗೆ, ತಮ್ಮೂರಿನ ಗಾಳಿ ಮೈಗೆ ಹಿಡಿಸಿದೆ ಎನ್ನುತ್ತಿದ್ದರು.

ಹುಡುಗರು ಇಟ್ಟ ಹೆಸರು ಗೋಂದಿನ ಸರ್. ನಮ್ಮ ಮೈಯೊಳಗಿನ ಜೀವಕೋಶಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿರುತ್ತವೆ ಎಂಬ ಬಗ್ಗೆ ಪಠ್ಯದಲ್ಲಿ ಇದ್ದದ್ದು ಒಂದೆರಡು ಸಾಲು, ಅದೂ ‘ಸಿಮೆಂಟಿನ ಹಾಗೆ’ ಎಂಬ ಅರ್ಥದ್ದು. ಆ ಸಾಲುಗಳಿಗೆ ಸರ್ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದರು. ಹೃದಯಕ್ಕೆ ಎರಡು ದಿನ, ಮೂತ್ರಪಿಂಡಕ್ಕೆ ಒಂದೂವರೆ, ಗೋಂದಿಗೆ ನಾಲ್ಕು. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಮಾರ್ಕಿನ ಪ್ರಶ್ನೆಯೂ ಬರುತ್ತಿರಲಿಲ್ಲ. ಪೋರ್ಷನ್ ಮುಗಿದಿಲ್ಲವೆಂದು ಪ್ರಾಚಾರ್ಯರು ನೋಟಿಸು ಕೊಟ್ಟರೆ ಸರ್ ಅದನ್ನು ಗೌರವದಿಂದ ಎರಡು ಸಲ ಓದಿ, ಹಿಂದಿನ ಖಾಲಿ ಮಗ್ಗುಲಲ್ಲಿ ಪ್ರೋಟೀನಿನ ಚಿತ್ರ ಬಿಡಿಸಿ ಮರುದಿನ ತರಗತಿಗೆ ತರುತ್ತಿದ್ದರು.

ಸಿಮೆಂಟ್ ಎಂಬ ಮಾತು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಅದನ್ನು ಬರೆದವರು ಆಗ ಮನೆ ಕಟ್ಟಿಸುತ್ತಿದ್ದಿರಬೇಕು ಎನ್ನುತ್ತಿದ್ದರು. ಮೈಯೊಳಗಿನ ಅಂಟು ಸಿಮೆಂಟಾಗಿದ್ದರೆ ಗಾಯ ಮಾಯುತ್ತಿರಲಿಲ್ಲ, ಕೋಶಗಳು ಸರಿದು ಬಂದು ಜಾಗ ತುಂಬುತ್ತಿರಲಿಲ್ಲ, ಗರ್ಭದಲ್ಲಿ ಕೂಸಿಗೆ ಕೈಕಾಲು ಮೂಡುತ್ತಿರಲಿಲ್ಲ. ಹಿಡಿಯಲೂ ಬರಬೇಕು, ಬಿಡಲೂ ಬರಬೇಕು, ಅದು ಅಂಟು. ಇದನ್ನು ಹೇಳುವಾಗ ಅವರ ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ ಇರುತ್ತಿದ್ದವು. ಬೋರ್ಡಿನ ಮೇಲೆ ಬರೆಯುವುದಿದ್ದರೆ ಮಾತ್ರ ಬಲಗೈ ಹೊರಗೆ ಬರುತ್ತಿತ್ತು.

ಆಮೇಲೆ ಪ್ರಾತ್ಯಕ್ಷಿಕೆ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಇಬ್ಬರೂ ಕ್ಯಾಡ್‌ಹೆರಿನ್ ಎನ್ನುತ್ತಿದ್ದರು. ಅದು ಕೋಶದಿಂದ ಹೊರಗೆ ಚಾಚಿಕೊಂಡ ಪ್ರೋಟೀನು. ಅದರ ತುದಿಯಲ್ಲಿ ಒಂದು ಸಣ್ಣ ಕೈ, ಪಕ್ಕದಲ್ಲೇ ಒಂದು ಕಿಸೆ. ಒಂಟಿಯಾಗಿದ್ದಾಗ ಅದರ ಕೈ ಅದರ ಕಿಸೆಯಲ್ಲೇ. ಎದುರಿನ ಕೋಶದಿಂದ ಅಂಥದೇ ಇನ್ನೊಂದು ಬಂತೆಂದರೆ ಎರಡೂ ಕೈ ಹೊರಗೆ ತೆಗೆದು, ಇದರ ಕೈ ಅದರ ಕಿಸೆಯಲ್ಲಿ, ಅದರ ಕೈ ಇದರ ಕಿಸೆಯಲ್ಲಿ. ಹುಡುಗರು ನಾಚಿಕೊಂಡು ಹಾಗೆಯೇ ಮಾಡುತ್ತಿದ್ದರು. ನಮ್ಮ ವರ್ಷ ಒಬ್ಬನಿಗೆ ಎದುರಿನವನ ಕಿಸೆಯಲ್ಲಿ ತಾನೇ ಕಳೆದುಕೊಂಡಿದ್ದ ಪೆನ್ನು ಸಿಕ್ಕಿ ಪಾಠ ಅಲ್ಲಿಗೇ ನಿಂತಿತು.

ಪೆನ್ನಿನ ಜಗಳ ಮುಗಿದ ಮೇಲೆ ಸರ್ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ. ತನ್ನ ಕಿಸೆಯಲ್ಲಿ ಬೆಚ್ಚಗಿದ್ದ ಕೈಯನ್ನು ತೆಗೆದು ಅಂಥದೇ ಮತ್ತೊಂದು ಕಿಸೆಯಲ್ಲಿ ಇಟ್ಟರೆ ಏನು ಲಾಭ? ಹೆಚ್ಚುಕಡಿಮೆ ಏನೂ ಇಲ್ಲ. ಅದಕ್ಕೇ ಒಂದೊಂದು ಜೋಡಿಯ ಹಿಡಿತ ಬಹಳ ಸಡಿಲ. ಅಂಥ ಸಡಿಲ ಜೋಡಿಗಳು ರಾಶಿ ರಾಶಿ ಒತ್ತೊತ್ತಾಗಿ ನಿಂತಾಗ ಮಾತ್ರ ಚರ್ಮ ಚರ್ಮವಾಗಿ ಉಳಿಯುತ್ತದೆ. ಇಷ್ಟು ಹೇಳಿ ಸರ್ ಸುಣ್ಣದ ಡಬ್ಬಿ ತೆಗೆಯುತ್ತಿದ್ದರು. ಸವಣೂರಿನ ಎಲೆ ಅವರ ಒಂದೇ ಚಟ. ಎಲೆಗೆ ಸುಣ್ಣ ಸವರುತ್ತ, ಇದರಲ್ಲಿರುವ ಕ್ಯಾಲ್ಸಿಯಂ ಅಲ್ಲೂ ಬೇಕು, ಅದಿಲ್ಲದಿದ್ದರೆ ಆ ಪ್ರೋಟೀನು ಗಂಜಿ ಹಾಕದ ಧೋತರದ ಹಾಗೆ ಜೋತು ಬೀಳುತ್ತದೆ ಎನ್ನುತ್ತಿದ್ದರು. ತರಗತಿಯಲ್ಲಿ ಎಲೆ ಹಾಕಿಕೊಳ್ಳುವುದಕ್ಕೆ ಇಷ್ಟು ಗಟ್ಟಿಯಾದ ಶೈಕ್ಷಣಿಕ ಕಾರಣ ಬೇರಾವ ಮಾಸ್ತರರ ಬಳಿಯೂ ಇರಲಿಲ್ಲ.

ಅವರು ಸಂಶೋಧನೆ ಮಾಡಿದವರಲ್ಲ. ಯಾವ ಪ್ರಯೋಗಾಲಯದ ಬಾಗಿಲನ್ನೂ ತಟ್ಟಿದವರಲ್ಲ. ಸವಣೂರಿನ ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಇಂಟರ್ನೆಟ್ಟಿನಿಂದ ಲೇಖನಗಳನ್ನು ತೆಗೆಸಿ, ಬಣ್ಣದ ಪಟ್ಟಿಗಳು ಸುತ್ತಿ ಸುರುಳಿಯಾದಂಥ ಪ್ರೋಟೀನಿನ ಚಿತ್ರಗಳನ್ನು ಮುದ್ರಿಸಿಕೊಳ್ಳುತ್ತಿದ್ದರು. ಅಂಗಡಿಯ ಹೆಣ್ಣುಮಗಳು ಅವನ್ನು ಕಸೂತಿಯ ನಮೂನೆ ಎಂದು ತಿಳಿದು, ಸರ್ ಮನೆಯವರು ಬಹಳ ಚಲೋ ಕುಬಸ ಹೊಲಿಯುತ್ತಾರೆಂದು ಊರಿಗೆಲ್ಲ ಹೇಳಿದ್ದಳು. ಅವರ ಹೆಂಡತಿ ಸ್ಟಾಫ್ ರೂಮಿಗೆ ಒಮ್ಮೆ ಬಂದಾಗ, ಜಗತ್ತಿನ ಅಂಟೆಲ್ಲ ಗೊತ್ತಿರುವ ಈ ಮನುಷ್ಯನಿಗೆ ಅಂಗಿಯ ಗುಂಡಿ ಹಚ್ಚಲು ಬರುವುದಿಲ್ಲ ಎಂದು ಎಲ್ಲರ ಎದುರಿಗೇ ದೂರಿದರು. ಸರ್ ಆ ದೂರನ್ನೂ ಒಂದು ನೋಟಿಸಿನಂತೆ ಗೌರವದಿಂದ ಸ್ವೀಕರಿಸಿದರು.

ಇನ್ನು ನನ್ನ ವಿಷಯ. ನಾನು ಅಕ್ಕಿಆಲೂರಿನವಳು, ಅಕ್ಕಿ ಗಿರಣಿಯ ಮನೆಯವಳು. ಸೋದರತ್ತೆಯ ಮನೆಯಲ್ಲಿದ್ದು ಸವಣೂರಿನಲ್ಲಿ ಪಿಯು ಓದುತ್ತಿದ್ದೆ. ಒಂದು ಭಾನುವಾರ ಊರಿಗೆ ಹೋದಾಗ ಊಟಕ್ಕೆ ಕುಳಿತ ಅಪ್ಪನಿಗೆ ಗೋಂದಿನ ಪಾಠ ಒಪ್ಪಿಸಿದೆ. ಎರಡು ಬಗೆಯ ಕೋಶಗಳನ್ನು ಬಿಡಿಸಿ ಒಂದೇ ತಟ್ಟೆಯಲ್ಲಿ ಕಲೆಸಿಟ್ಟರೆ, ಸ್ವಲ್ಪ ಹೊತ್ತಿಗೆ ಅವು ತಮ್ಮ ತಮ್ಮ ಬಗೆಯವನ್ನು ಹುಡುಕಿ ಹಿಡಿದು ಬೇರೆ ಬೇರೆ ಗುಂಪಾಗುತ್ತವೆ ಎಂದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು, ಇನ್ನೊಮ್ಮೆ ಹೇಳು ಅಂದ. ನನ್ನ ಓದಿನ ಬಗ್ಗೆ ಅಪ್ಪ ಅಷ್ಟು ಆಸಕ್ತಿ ತೋರಿಸಿದ್ದು ಅದೇ ಮೊದಲು, ನಾನೂ ಹಿಗ್ಗಿ ಎರಡೆರಡು ಸಲ ಹೇಳಿದೆ.

ಅಪ್ಪ ಆಗ ನಮ್ಮ ಸಮಾಜದ ವಧು-ವರರ ಸಮಾವೇಶದ ಕಾರ್ಯದರ್ಶಿ. ನಮ್ಮ ಪೈಕಿ ಹುಡುಗರು ನಮ್ಮ ಪೈಕಿ ಹುಡುಗಿಯರನ್ನೇ ನೋಡಲಿ ಎಂದು ವರ್ಷಕ್ಕೊಮ್ಮೆ ಕಲ್ಯಾಣ ಮಂಟಪದಲ್ಲಿ ಎಲ್ಲರನ್ನೂ ಸೇರಿಸಿ, ವೇದಿಕೆಯ ಮೇಲೆ ಕರೆದು, ಎತ್ತರ, ಓದು, ಜಮೀನು ಎಲ್ಲ ಓದಿ ಹೇಳುವ ಕಾರ್ಯಕ್ರಮ ಅದು. ಆ ವರ್ಷ ವಿಶೇಷ ಉಪನ್ಯಾಸಕ್ಕೆ ಗೋಂದಿನ ಸರ್ ಅವರನ್ನು ಕರೆದರು. ಕಾಲೇಜಿನಲ್ಲಿ ಯಾರಿಗೂ ಬೇಡವಾದ ತಮ್ಮ ವಿಷಯವನ್ನು ದೊಡ್ಡವರು ಕೇಳಲು ಬಯಸಿದ್ದಾರೆಂದು ಸರ್‌ಗೆ ಬಹಳ ಖುಷಿಯಾಯಿತು. ಯಾಕೆ ಬಯಸಿದ್ದಾರೆ ಎಂದು ಅವರು ವಿಚಾರ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅವತ್ತು ನಾನು ಮಂಟಪದ ಹೊರಗೆ ಬಯೋಡೇಟಾ ಬರೆದುಕೊಳ್ಳುವ ಮೇಜಿನ ಹತ್ತಿರ ಇದ್ದೆ. ಧ್ವನಿವರ್ಧಕದಲ್ಲಿ ಸರ್ ದನಿ ಕೇಳುತ್ತಿತ್ತು. ಕೈ, ಕಿಸೆ, ಸುಣ್ಣ ಎಲ್ಲ ಬಂತು. ಒಂದೇ ಬಗೆಯದು ಒಂದೇ ಬಗೆಯದನ್ನು ಗುರುತಿಸಿ ಹಿಡಿಯುತ್ತದೆ ಎಂದದ್ದೇ ತಡ, ಮಂಟಪ ಹಾರಿಹೋಗುವಂಥ ಚಪ್ಪಾಳೆ. ಅದು ನಿಂತ ಮೇಲೆ ಅಪ್ಪನ ದನಿ, ಸನ್ಮಾನ, ಊಟದ ಸೂಚನೆ. ಸರ್‌ಗೆ ಊಟ ಬೇರೆ ಕೋಣೆಯಲ್ಲಿ ಒಬ್ಬರಿಗೇ ಬಡಿಸಿದ್ದರು. ಅದು ವಿಶೇಷ ಅತಿಥಿಗೆ ವಿಶೇಷ ಮರ್ಯಾದೆ ಎಂದು ಅಪ್ಪ ಹೇಳಿದ. ಯಲವಿಗಿ ಪೈಕಿ ಎಂಬ ಉತ್ತರ ಅಕ್ಕಿಆಲೂರಿನವರೆಗೂ ಮುಟ್ಟಿತ್ತೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಶಿಗ್ಗಾಂವಿಯ ಪ್ರೆಸ್ಸಿನಲ್ಲಿ ಒಂದು ಕರಪತ್ರ ಅಚ್ಚಾಯಿತು. ಶಾಲು ಹೊದ್ದ ಸರ್ ಫೋಟೊ, ಅದರ ಕೆಳಗೆ ಆ ಒಂದು ವಾಕ್ಯ, ಅದರ ಕೆಳಗೆ ‘ವಿಜ್ಞಾನವೂ ಒಪ್ಪಿದೆ’. ಅಪ್ಪ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗಿರಣಿಯ ಆಫೀಸಿನಲ್ಲಿ ತೂಗುಹಾಕಿದ. ಸರ್ ಅದನ್ನು ನೋಡಿ ಬಿಳಿಚಿಕೊಂಡರು. ತಾವು ಹೇಳಬೇಕಿದ್ದುದರಲ್ಲಿ ಅದು ಅರ್ಧ, ಉಳಿದ ಅರ್ಧ ಶುರು ಮಾಡುವಷ್ಟರಲ್ಲಿ ಮೈಕ್ ಕಸಿದುಕೊಂಡರು ಎಂದರು. ಸಮಾವೇಶದವರಿಗೆ ಮೂರು ಕಾಗದ ಬರೆದರು, ಉತ್ತರ ಬರಲಿಲ್ಲ. ಮುಂದೆ ನಾನು ರಸಾಯನಶಾಸ್ತ್ರ ಓದಿ ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದ ಮೇಲೂ, ಚಹಾದ ಹೊತ್ತಿಗೆ ಯಾರಾದರೂ ಮಾತು ತೆಗೆದರೆ ಸಾಕು, ಮೈಕ್ ಕಸಿದುಕೊಂಡ ಕಥೆ ಹೇಳುತ್ತಿದ್ದರು. ನಾವೆಲ್ಲ ನಂಬಿ ಮರುಗುತ್ತಿದ್ದೆವು.

ಚುನಾವಣಾ ಡ್ಯೂಟಿ ಎಂಬುದು ಸರ್ಕಾರಿ ನೌಕರರಿಗೆ ಶಿಕ್ಷೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಒಂದೇ ಮತಗಟ್ಟೆಗೆ ಹಾಕಿದ್ದ ಪಶುವೈದ್ಯನೊಬ್ಬನ ಪರಿಚಯವಾಯಿತು. ಹಿರೇಕೆರೂರಿನಲ್ಲಿ ಕೆಲಸ, ಊರು ರಟ್ಟೀಹಳ್ಳಿ. ಬೌದ್ಧರ ಮನೆ, ತಂದೆ ಟೇಲರ್. ನಮ್ಮದು ಹಳೆಯ ಶೈವ ವ್ಯಾಪಾರಸ್ಥರ ಮನೆತನ. ಇಷ್ಟನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲವೆಂದು ಹೇಳಿದೆ. ಎರಡು ವರ್ಷ ಕಾದು, ಅವನನ್ನೇ ಮದುವೆಯಾಗುತ್ತೇನೆ ಎಂದು ಅಪ್ಪನ ಮುಂದೆ ನಿಂತೆ. ಅಪ್ಪ ಸಿಟ್ಟಾಗಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಗೋಡೆಯ ಕಡೆ ಬೆರಳು ಮಾಡಿದ.

“ನಾ ಏನೂ ಹೇಳೂದಿಲ್ಲ ತಂಗಿ. ನಿಮ್ಮ ಸರ್ ಹೇಳ್ಯಾರ, ಓದಿಕೋ.”

ಅವತ್ತಿನಷ್ಟು ಸಿಟ್ಟು ನನಗೆ ಜೀವನದಲ್ಲಿ ಬಂದಿಲ್ಲ, ಅದೂ ಅಪ್ಪನ ಮೇಲಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಸರ್ ಮುಂದೆ ನಿಂತು, ನಿಮ್ಮ ಅರ್ಧ ಪಾಠ ನನ್ನ ಇಡೀ ಬಾಳಿಗೆ ಅಡ್ಡ ನಿಂತಿದೆ, ಉಳಿದ ಅರ್ಧ ಯಾರಿಗೆ ಇಟ್ಟಿದ್ದೀರಿ ಎಂದು ಕೇಳಿಯೇಬಿಟ್ಟೆ. ಗುರುವಿಗೆ ಆಡುವ ಮಾತಲ್ಲ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಾಳೆ ಗಿರಣಿಗೆ ಬರುತ್ತೇನೆ ಎಂದಷ್ಟೇ ಹೇಳಿದರು.

ಬಂದರು, ಕೈಯಲ್ಲಿ ಚಾರ್ಟಿನ ಸುರುಳಿ ಹಿಡಿದುಕೊಂಡು. ಹುಡುಗ ಒಳ್ಳೆಯವನು, ನೌಕರಿ ಇದೆ, ಮಗಳ ಮನಸ್ಸು ನೋಯಿಸಬೇಡಿ ಎಂದು ಹಿರಿಯರು ಆಡುವಂಥ ನಾಲ್ಕು ಮಾತು ಆಡುತ್ತಾರೆಂದು ನಾನು ಆಸೆಯಿಂದ ಕಾದಿದ್ದೆ. ಅವರು ಹುಡುಗನ ಹೆಸರನ್ನೇ ಎತ್ತಲಿಲ್ಲ. ಚಾರ್ಟನ್ನು ಅಕ್ಕಿ ಚೀಲಗಳ ಮೇಲೆ ಬಿಡಿಸಿ, ವರ್ಷಗಟ್ಟಲೆ ಹಿಂದೆ ಬಿಟ್ಟಲ್ಲಿಂದಲೇ ಪಾಠ ಮುಂದುವರಿಸಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಗಿರಣಿಯ ಸಪ್ಪಳದಲ್ಲಿ ಕಾಲ ಕಳೆದ ಅಪ್ಪನಿಗೆ ಕಿವಿ ಮಂದ. ಹಾಗಾಗಿ ಸರ್ ಒದರಿ ಹೇಳಬೇಕಾಯಿತು. ಕ್ಯಾಡ್‌ಹೆರಿನ್‌ಗಳಲ್ಲೂ ಒಂದು ಬಗೆಯದು ಇನ್ನೊಂದು ಬಗೆಯದರ ಜೊತೆ ಕೈ ಕೂಡಿಸುವುದುಂಟು ಎಂದು ಒದರಿದರು. ನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನಲ್ಲಂತೂ ತನ್ನದೇ ಬಗೆಗಿಂತ ಬೇರೆ ಬಗೆಯದರ ಮೇಲೆ ಹಿಡಿತ ಹೆಚ್ಚು ಬಿಗಿ ಎಂದು ಒದರಿದರು. ಹಮಾಲರು ಚೀಲ ಇಳಿಸಿ ಬಾಗಿಲಲ್ಲಿ ನಿಂತರು. ಕೊನೆಗೆ ಸರ್ ಕಿವಿಯ ವಿಷಯಕ್ಕೆ ಬಂದರು. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿವೆ, ಅವುಗಳ ತುದಿಗೆ ಒಂದು ಸೂಕ್ಷ್ಮ ದಾರ. ದಾರದ ಮೇಲಿನ ಭಾಗ ಒಂದು ಬಗೆಯ ಪ್ರೋಟೀನು, ಕೆಳಗಿನ ಭಾಗ ಇನ್ನೊಂದು ಬಗೆ. ಆ ಎರಡು ಬೇರೆಯವು ನಡುವೆ ಕೈ ಹಿಡಿದುಕೊಂಡರೆ ಮಾತ್ರ ಮನುಷ್ಯನಿಗೆ ಕೇಳಿಸುತ್ತದೆ. ಅಪ್ಪನಿಗೆ ಇದು ಬಹಳ ಸೋಜಿಗವೆನಿಸಿತು.

“ಹಂಗಾರ ನನ್ನ ಕಿವ್ಯಾಗ ಬ್ಯಾರೆ ಬ್ಯಾರೆಯವು ಲಗ್ನ ಆಗ್ಯಾವ ಅಂತೀರಿ?”

“ನೀವು ಹುಟ್ಟೂಕಿಂತ ಮೊದಲ ಆಗ್ಯಾವ್ರಿ, ಸಾವ್ಕಾರ್ರ.”

“ಅದಕ್ಕ ಕೆಟ್ಟಾವ ನೋಡ್ರಿ ಮತ್ತ,” ಅಂದ ಅಪ್ಪ.

ಹಮಾಲರು ನಕ್ಕರು. ಸರ್ ಮಾತ್ರ ನಗದೆ, ಅದು ಜೋಡಿಯ ತಪ್ಪಲ್ಲ, ಗಿರಣಿಯ ಸಪ್ಪಳ ಬಡಿದು ಬಡಿದು ಮೊದಲು ದಾರ ಹರಿಯುತ್ತದೆ, ಆಮೇಲೆ ಕೋಶವೇ ಸಾಯುತ್ತದೆ ಎಂದು ವಿವರಿಸಿದರು. ಅಪ್ಪ ಎಲ್ಲವನ್ನೂ ತಲೆಯಾಡಿಸಿ ಕೇಳಿದ. ನಡುವೆ ಒಂದೆರಡು ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದ. ಪಾಠ ಮುಗಿದ ಮೇಲೆ ಎಲೆಯ ತಟ್ಟೆಯನ್ನು ಸರ್ ಮುಂದೆ ಸರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದ.

“ನೀವು ಹೇಳಿದ್ದು ಖರೇನ ಇರಬಹುದು ಸರ್. ಆದರ ಮನಷ್ಯಾರು ಅಂದ್ರ ಜೀವಕೋಶ ಅಲ್ಲಲ್ರಿ.”

ಅಲ್ಲಿಯತನಕ ನಾವೆಲ್ಲ ಜೀವಕೋಶಗಳೇ ಆಗಿದ್ದೆವು. ಫೋಟೊಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕುವಷ್ಟು ಆಗಿದ್ದೆವು. ಕೋಶಗಳು ನನ್ನ ಪರವಾಗಿ ಮಾತಾಡಿದ ಗಳಿಗೆಯಲ್ಲೇ ನಾವು ಮನುಷ್ಯರಾಗಿಬಿಟ್ಟೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಚಾರ್ಟನ್ನು ಸುತ್ತತೊಡಗಿದರು. ನಿಧಾನವಾಗಿ ಸುತ್ತಿ, ರಬ್ಬರ್ ಹಾಕಿ, ಪಕ್ಕಕ್ಕಿಟ್ಟರು. ಈ ಸಲ ಅವರು ಒದರಲಿಲ್ಲ. ಅಪ್ಪನೇ ಮುಂದಕ್ಕೆ ಬಾಗಿ ಕಿವಿಗೆ ಕೈ ಹಚ್ಚಿ ಕೇಳಬೇಕಾಯಿತು.

“ಈ ಮಾತನ್ನ ಅವತ್ತ ವೇದಿಕಿ ಮ್ಯಾಲ ನಾ ಹೇಳಬೇಕಿತ್ರಿ. ಮೈಕ್ ಯಾರೂ ಕಸಗೊಳ್ಳಿಲ್ಲ. ಚಪ್ಪಾಳಿ ಬಿತ್ತು. ನನಗ ಅಷ್ಟು ಚಪ್ಪಾಳಿ ಯಾವತ್ತೂ ಬಿದ್ದಿರಲಿಲ್ಲ. ನಾ ಕುಂತುಬಿಟ್ಟೆ.”

ಮೈಕಿನ ಸತ್ಯ ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು, ವೇದಿಕೆಯ ಮೇಲೆ ಪಕ್ಕದಲ್ಲೇ ಇದ್ದವನು. ಸರ್ ಎದ್ದು ನಿಂತು ಗೋಡೆಯ ಫೋಟೊ ನೋಡಿದರು, ಶಾಲು ಹೊದ್ದ ತಮ್ಮನ್ನೇ.

“ಇದನ್ನ ಇಳಸ್ರಿ ಸಾವ್ಕಾರ್ರ. ಈ ಲಗ್ನ ಬ್ಯಾಡ ಅನ್ನೂದಿದ್ರ ಬ್ಯಾಡ ಅನ್ರಿ. ಆದರ ಅದನ್ನ ನೀವ ಅನ್ನಬೇಕು. ನನ್ನ ಬಾಯಿಲೆ ಅನಸಬ್ಯಾಡ್ರಿ.”

ಅಪ್ಪ ಸ್ಟೂಲಿನ ಮೇಲೆ ಹತ್ತಿ ತಾನೇ ಕಟ್ಟು ಇಳಿಸಿದ. ಸರ್ ಅದನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಹೋದರು. ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಕ್ಷಮೆ ಕೇಳಲು ಹೋದರೆ, ಅವರು ಪ್ರಯೋಗಾಲಯದ ಸೂಕ್ಷ್ಮದರ್ಶಕ ಕೆಟ್ಟಿದೆಯೆಂದು ಹೇಳಿ ಎದ್ದು ಹೋದರು. ಆಮೇಲೆ ಮೈಕಿನ ಕಥೆಯನ್ನು ಅವರ ಬಾಯಲ್ಲಿ ಯಾರೂ ಕೇಳಲಿಲ್ಲ.

ನಾಲ್ಕು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಗಿರಣಿಯಿಂದ ಊಟಕ್ಕೆ ಬಂದವನು ಕೈ ತೊಳೆಯುತ್ತ, ತನಗೆ ಅಂಜಿಕೆ ಎಂದ. ಇಷ್ಟು ವರ್ಷ ಸಮಾಜದಲ್ಲಿ ತಲೆ ಎತ್ತಿ ತಿರುಗಿದ್ದೇನೆ, ನಾಳೆ ಯಾರ ಮುಖ ನೋಡಲಿ ಎಂದ. ವಿಜ್ಞಾನವೂ ಇಲ್ಲ, ಶಾಸ್ತ್ರವೂ ಇಲ್ಲ, ಬರೀ ಅಂಜಿಕೆ. ನನಗೆ ಸಂತೋಷವಾಯಿತೆಂದರೆ ನಂಬಿ. ಗೋಡೆಯ ಮೇಲಿನ ಕಟ್ಟಿನ ಜೊತೆ ವಾದ ಮಾಡಲಾಗುವುದಿಲ್ಲ, ಅಂಜಿದ ಅಪ್ಪನ ಜೊತೆ ಕುಳಿತು ಮಾತಾಡಬಹುದು. ಒಂದು ವರ್ಷ ಮಾತಾಡಿದೆವು. ಅಪ್ಪ ಕೊನೆಗೆ ಬಂದು ನಿಂತದ್ದು, ಒಪ್ಪಿಗೆ ಕೊಡುವುದಿಲ್ಲ, ಅಡ್ಡವೂ ಬರುವುದಿಲ್ಲ ಎಂಬಲ್ಲಿಗೆ.

ಹಿರೇಕೆರೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸು ಹಚ್ಚಿ ತಿಂಗಳು ಕಳೆದ ಮೇಲೆ ಮದುವೆ. ಮೂವರು ಸಾಕ್ಷಿಗಳು ಬೇಕು. ಒಬ್ಬರು ಸರ್, ಒಬ್ಬರು ಇವನ ಜೊತೆಯ ಡಾಕ್ಟರು. ಮೂರನೆಯವನಾಗಿ ಬರಬೇಕಿದ್ದ ಪಶು ಆಸ್ಪತ್ರೆಯ ಕಂಪೌಂಡರನನ್ನು, ಈಯಲು ಅದೇ ಮುಹೂರ್ತ ಆರಿಸಿಕೊಂಡ ಎಮ್ಮೆಯೊಂದು ಹಳ್ಳಿಯಲ್ಲೇ ಹಿಡಿದಿಟ್ಟಿತ್ತು. ಇವನ ತಂದೆತಾಯಿ ಬಂದಿದ್ದರು, ಅವರ ಆಧಾರ್ ಕಾರ್ಡುಗಳು ರಟ್ಟೀಹಳ್ಳಿಯ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಗುಮಾಸ್ತರು ಗಡಿಯಾರ ನೋಡತೊಡಗಿದರು. ಆಗ ಸರ್ ಕಿಟಕಿಯಿಂದ ಹೊರಗೆ ನೋಡಿ, ಎದ್ದು ಹೋಗಿ, ಅಪ್ಪನನ್ನು ಕರೆದುಕೊಂಡು ಬಂದರು. ಗೋವಿನಜೋಳದ ಧಾರಣೆ ಕೇಳಲು ಹಿರೇಕೆರೂರಿಗೆ ಬಂದಿದ್ದೇನೆ, ಬಿಸಿಲೆಂದು ಬೇವಿನ ಗಿಡದ ಕೆಳಗೆ ನಿಂತಿದ್ದೆ ಎಂದ ಅಪ್ಪ.

“ಸಾಕ್ಷಿ ಅಂದ್ರ ಒಪ್ಪಿಗಿ ಅಲ್ಲಲ್ರಿ ಸರ್?”

“ಅಲ್ರಿ. ಕಣ್ಣಿಲೆ ಕಂಡದ್ದನ್ನ ಕಂಡೇನಿ ಅನ್ನೂದು, ಅಷ್ಟ.”

ಧಾರಣೆ ಕೇಳಲು ಬಂದವನ ಕೈಚೀಲದಲ್ಲಿ ಆಧಾರ್ ಕಾರ್ಡು, ಅದರ ಜೆರಾಕ್ಸು, ಎರಡು ಫೋಟೊ ಇದ್ದವು. ಅಪ್ಪ ಅವನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಸರ್ ಸಹಿಯ ಕೆಳಗೆ ಸಹಿ ಮಾಡಿದ. ನಾನು ಅತ್ತುಬಿಟ್ಟೆ. ಸರ್ ಸುಣ್ಣದ ಡಬ್ಬಿ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದರು.

ಅಪ್ಪ ಇವತ್ತಿಗೂ ಒಪ್ಪಿಗೆ ಕೊಟ್ಟಿಲ್ಲ, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಾನೆ. ಹೋದ ತಿಂಗಳು ಸರ್ ಹೋದ ಸುದ್ದಿ ಬಂದ ದಿನ ಅಳಿಯನ ಬೈಕಿನ ಹಿಂದೆ ಕುಳಿತು ನನಗಿಂತ ಮೊದಲು ಯಲವಿಗಿ ಮುಟ್ಟಿದ್ದ. ಅಂಗಳದಲ್ಲಿ ಸರ್ ಕಡೆಯ ಹಿರಿಯರೊಬ್ಬರು ಗುರುತು ಸಿಗದೆ, ತೀರಿಕೊಂಡವರು ನಿಮಗೆ ಏನಾಗಬೇಕು ಎಂದು ಅಪ್ಪನನ್ನು ಕೇಳಿದರು. ಎರಡು ಸಲ ಅಪ್ಪನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಕೇಳಿಸಿತು.

“ನಾವಿಬ್ರೂ ಒಂದ ಕಾಗದಕ್ಕ ಸಹಿ ಮಾಡಿದವರ್ರಿ,” ಅಂದ.